ಸಿವಿಲೈಸೇಷನ್ 5ರಲ್ಲಿ ಗೆಲ್ಲುವವರು 6ರಲ್ಲಿ ಯಾಕೆ ಸೋಲುತ್ತಾರೆ? ಹಳೆಯ 4 ಅಥವಾ ಹೊಸ 7 ತಗೋಬಹುದಾ?

ನೀವು ಕೇಳಿರುವುದು ಇಷ್ಟು: ಪುಣೆಯ ವಾಕಡ್‌ನಲ್ಲಿ ಗೆಳೆಯರ ಜೊತೆ ಫ್ಲ್ಯಾಟ್. ನಾಗರಿಕತೆ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟದ ಸರಣಿ ಸಿವಿಲೈಸೇಷನ್. ಅದರ 5 ಆಡಿ ಆಡಿ, ಕಠಿಣವಾದ ಎಂಪರರ್ ಮಟ್ಟದಲ್ಲಿ ಆರಾಮಾಗಿ ಗೆಲ್ಲುತ್ತೀರಿ. ಸೇಲ್‌ನಲ್ಲಿ 6 ತಗೊಂಡರೆ ಸಾಧಾರಣ ಪ್ರಿನ್ಸ್ ಮಟ್ಟದಲ್ಲೇ ಒದ್ದಾಟ, ಊರನ್ನೂ ಕಳಕೊಳ್ಳುತ್ತಿದ್ದೀರಿ. ಫ್ಲ್ಯಾಟ್‌ನ ಒಬ್ಬರು "4ರ ಮುಂದೆ ಇವೆಲ್ಲ ಏನೂ ಅಲ್ಲ" ಅಂತಾರೆ, ಇನ್ನೊಬ್ಬರು "ಸೀದಾ 7 ತಗೋ" ಅಂತಾರೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಭಾನುವಾರ ಮೂವರೂ ಕೂತು ಆಡಬೇಕು ಅನ್ನುವ ಆಸೆಯೂ ಇದೆ.

6 ಬಿಡಬೇಡಿ. ನಿಮ್ಮ ಕೈಗೆ ಹತ್ತಿದ 5ರ ರೂಢಿಯೇ ನಿಮ್ಮನ್ನು ಅಲ್ಲಿ ಸೋಲಿಸುತ್ತಿದೆ. ಈ ಸರಣಿಯ ಯಾವ ಆಟವನ್ನೇ ತಗೊಳ್ಳಿ, ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಇನ್ನೊಂದು ಊರು ಕಟ್ಟಿದರೆ ಅದರ ಬೆಲೆ ಎಲ್ಲಿಂದ ಕಿತ್ತುಕೊಳ್ಳುತ್ತದೆ? ನಾಲ್ಕು ಆಟಗಳಲ್ಲೂ ಈ ಪ್ರಶ್ನೆಗೆ ಉತ್ತರ ಬೇರೆ ಬೇರೆ. ಚಿತ್ರ, ಸಂಗೀತ, ಷಟ್ಕೋನದ ಮನೆ, ಚೌಕದ ಮನೆ ಎಲ್ಲ ಆಮೇಲಿನ ಮಾತು.

5ರಲ್ಲಿ ಬೆಲೆ ಕಿತ್ತುಕೊಳ್ಳುವುದು ಇಡೀ ಸಾಮ್ರಾಜ್ಯದ ಸಂತೋಷದಿಂದ. ಹೊಸ ಊರೊಂದಕ್ಕೆ 3, ಅದರ ಪ್ರತಿ ಪ್ರಜೆಗೆ 1 ಅತೃಪ್ತಿ, ಎಲ್ಲವೂ ಒಂದೇ ಹುಂಡಿಗೆ. 2013ರ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ಬಂದ ಮೇಲೆ, ಸ್ಟ್ಯಾಂಡರ್ಡ್ ನಕಾಶೆಯಲ್ಲಿ ಊರಿಗೊಂದರಂತೆ ಸಂಶೋಧನೆಯ ಬೆಲೆ ಶೇ 5, ಪಾಲಿಸಿಯ ಬೆಲೆ ಶೇ 10 ಏರುತ್ತದೆ. ಅತ್ತ ಟ್ರೆಡಿಷನ್ ಎಂಬ ಪಾಲಿಸಿ ಮರದಲ್ಲಿ ಮೊದಲ ನಾಲ್ಕು ಊರುಗಳಿಗೆ ಸಂಸ್ಕೃತಿಯ ಕಟ್ಟಡ ಪುಕ್ಕಟೆ. ನಾಲ್ಕು ದೊಡ್ಡ ಊರು ಕಟ್ಟಿ, ಎಲ್ಲ ಕಡೆ ಲೈಬ್ರರಿ ಮುಗಿಸಿ, ನ್ಯಾಷನಲ್ ಕಾಲೇಜ್ ಎಬ್ಬಿಸಿ ಕೂರುವ ಆಟ ಅಲ್ಲಿಂದಲೇ ಹುಟ್ಟಿದ್ದು. ನೀವು ಆಡುತ್ತಿರುವುದೂ ಅದೇ ಇರಬೇಕು.

6ರಲ್ಲಿ ಈ ದಂಡವೇ ಇಲ್ಲ. ನಿಮಗೆ 4 ಊರಿರಲಿ 14 ಇರಲಿ, ಸಂಶೋಧನೆಯ ಬೆಲೆ ಅಷ್ಟೇ. ಹಾಗಾಗಿ ನಾಲ್ಕಕ್ಕೆ ನಿಲ್ಲಿಸಿದವರು ಐವತ್ತು ಟರ್ನ್ (ಆಟದ ಸರದಿ) ದಾಟಿದ ಮೇಲೆ ಹಿಂದೆ ಬೀಳುತ್ತಾರೆ. ನನ್ನ ಅಳತೆ ಹೀಗೆ: ಸ್ಟ್ಯಾಂಡರ್ಡ್ ವೇಗದಲ್ಲಿ 50ನೇ ಟರ್ನ್‌ಗೆ 4 ಊರು, 100ಕ್ಕೆ 8ರಿಂದ 10. ಮೊದಲ ಊರಲ್ಲಿ ತಯಾರಿಸುವ ಕ್ರಮ: ಸ್ಕೌಟ್ (ನೆಲ ಹುಡುಕುವವ), ಸ್ಲಿಂಗರ್ (ಕವಣೆಗಾರ), ಸೆಟ್ಲರ್ (ಹೊಸ ಊರು ಹೂಡುವವ), ಬಿಲ್ಡರ್ (ಹೊಲ, ಗಣಿ ಮಾಡುವವ), ಮತ್ತೆ ಸೆಟ್ಲರ್. ಒಟ್ಟು ಜನಸಂಖ್ಯೆ 6 ಮುಟ್ಟಿದ ಕೂಡಲೇ ಅರ್ಲಿ ಎಂಪೈರ್ ಎಂಬ ಸಿವಿಕ್‌ಗೆ (ಸಂಸ್ಕೃತಿಯಿಂದ ಕಲಿಯುವ ಪಾಠ) ಪ್ರೇರಣೆ, ಅಂದರೆ ರಿಯಾಯಿತಿ, ಸಿಗುತ್ತದೆ. ಅದು ಮುಗಿದರೆ ಕಾಲೊನೈಸೇಷನ್ ಎಂಬ ಪಾಲಿಸಿ ಕಾರ್ಡ್, ಸೆಟ್ಲರ್‌ಗೆ ಶೇ 50 ಹೆಚ್ಚು ಉತ್ಪಾದನೆ. ಆ ಕಾರ್ಡ್ ಇದ್ದಾಗ ಎರಡು ಮೂರು ಊರಲ್ಲಿ ಒಟ್ಟೊಟ್ಟಿಗೆ ಸೆಟ್ಲರ್ ಹಾಕಿ, ಮುಗಿದ ಮೇಲೆ ಕಾರ್ಡ್ ತೆಗೆದುಬಿಡಿ. ಸೆಟ್ಲರ್ ಒಬ್ಬ ಪ್ರಜೆಯನ್ನು ತಿನ್ನುತ್ತದೆ, ಬೆಲೆಯೂ ಪ್ರತಿ ಸಲ ಏರುತ್ತದೆ, ಆದ್ದರಿಂದ ತಡ ಮಾಡಿದಷ್ಟೂ ದುಬಾರಿ.

ಹಾಗಾದರೆ 6ರಲ್ಲಿ ಬೆಲೆ ಎಲ್ಲಿ? ನೆಲದಲ್ಲಿ. ಊರೊಳಗಿದ್ದ ಕಟ್ಟಡಗಳನ್ನೆಲ್ಲ ಹೊರಗೆ ತಂದು ನಕಾಶೆಯ ಮೇಲೆ ಹರಡಿದ್ದಾರೆ. ವಿಶ್ವವಿದ್ಯಾಲಯ ಬೇಕಾದರೆ ಮೊದಲು ಕ್ಯಾಂಪಸ್ ಅನ್ನುವ ಡಿಸ್ಟ್ರಿಕ್ಟ್, ಅದಕ್ಕೊಂದು ಇಡೀ ಟೈಲ್ (ನಕಾಶೆಯ ಒಂದು ಮನೆ). ಎಷ್ಟು ಡಿಸ್ಟ್ರಿಕ್ಟ್ ಹಾಕಬಹುದು ಅನ್ನುವುದಕ್ಕೂ ಜನಸಂಖ್ಯೆಯ ಮಿತಿ: 1ಕ್ಕೆ ಒಂದು, 4ಕ್ಕೆ ಎರಡು, 7ಕ್ಕೆ ಮೂರು, 10ಕ್ಕೆ ನಾಲ್ಕು. ಜನಸಂಖ್ಯೆ ಏರಬೇಕಾದರೆ ವಸತಿ ಬೇಕು. ಸಿಹಿನೀರಿನ ಪಕ್ಕ ಊರು ಹೂಡಿದರೆ ವಸತಿ 5, ಸಮುದ್ರದಂಚಿಗೆ 3, ನೀರೇ ಇಲ್ಲದಿದ್ದರೆ 2. ವಸತಿಗೆ ಇನ್ನು ಒಂದೇ ಬಾಕಿ ಅನ್ನುವಾಗಲೇ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ. 5ರಲ್ಲಿ ಬೆಟ್ಟದ ಮೇಲೆ ಕಣ್ಣುಮುಚ್ಚಿ ಊರು ಹೂಡುತ್ತಿದ್ದವರು ಇಲ್ಲಿ ನೀರು ಬಿಟ್ಟು ಕೂತರೆ 2ರಲ್ಲೇ ಊರು ಕುಗ್ಗಿರುತ್ತದೆ. ಬೇರೆ ದಾರಿಯಿಲ್ಲದೆ ಅಂಥ ಜಾಗದಲ್ಲಿ ಕೂತರೆ ಅಕ್ವಡಕ್ಟ್ (ನೀರು ತರುವ ಕಾಲುವೆ) ಕಟ್ಟಿ ಅದನ್ನು 6ಕ್ಕೆ ತರಬೇಕು.

ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ನಮ್ಮ ಸಹ್ಯಾದ್ರಿಯ ಬುಡದಂಥ ನೆಲ ಸಿಕ್ಕಿದೆ ಅನ್ನಿ: ಪಶ್ಚಿಮಕ್ಕೆ ಮೂರು ಪರ್ವತ ಸಾಲಾಗಿ, ನಡುವೆ ಹೊಳೆ, ಪೂರ್ವಕ್ಕೆ ಬಯಲು. ಊರು ಹೊಳೆಯ ದಂಡೆಗೆ. ಮೂರು ಪರ್ವತವನ್ನೂ ಮುಟ್ಟುವ ಟೈಲ್‌ಗೆ ಕ್ಯಾಂಪಸ್, ಪರ್ವತಕ್ಕೊಂದರಂತೆ ಒಟ್ಟು +3 ವಿಜ್ಞಾನ. ರೆಕಾರ್ಡೆಡ್ ಹಿಸ್ಟರಿ ಮುಗಿಸಿ ನ್ಯಾಚುರಲ್ ಫಿಲಾಸಫಿ ಕಾರ್ಡ್ ಹಾಕಿದರೆ ಅದೇ 3 ಆರಾಗುತ್ತದೆ, ಅದೂ ಒಂದು ಕಟ್ಟಡ ಎಬ್ಬಿಸುವ ಮೊದಲೇ. ಹೊಳೆಯ ಪಕ್ಕದ ಇನ್ನೊಂದು ಟೈಲ್‌ಗೆ ಕಮರ್ಷಿಯಲ್ ಹಬ್, ಹೊಳೆಗೆ +2 ಚಿನ್ನ. ಪರ್ವತದಿಂದ ಊರಿಗೆ ಅಕ್ವಡಕ್ಟ್ ಬಂತು, ಪ್ರವಾಹದ ಬಯಲಿಗೆ (ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯ) ಅಣೆಕಟ್ಟು ಬಂತು ಅಂದರೆ ಎರಡನ್ನೂ ಮುಟ್ಟುವ ಟೈಲ್‌ನಲ್ಲಿ ಇಂಡಸ್ಟ್ರಿಯಲ್ ಜೋನ್‌ಗೆ ಎರಡೆರಡು ಸೇರಿ +4 ಉತ್ಪಾದನೆ. ಈ ಮೂರನೆಯದು ಕಟ್ಟುವುದು ನೂರು ಟರ್ನ್ ಆಚೆ, ಆದರೆ ಜಾಗ ಗುರುತಿಡಬೇಕಾದ್ದು ಊರು ಹೂಡಿದ ದಿನವೇ. ನಕಾಶೆಗೆ ಪಿನ್ ಚುಚ್ಚುವ ಬಟನ್ ಮಿನಿಮ್ಯಾಪ್ ಹತ್ತಿರವೇ ಇದೆ, ಬಳಸಿ. 5ರಿಂದ ಬಂದವರು ಅಲ್ಲಿ ಹೊಲ ಹಾಕಿ, ಅಥವಾ ನೆನಪಿಲ್ಲದೆ ಒಂದು ವಂಡರ್ (ಅದ್ಭುತ ಕಟ್ಟಡ) ಕೂರಿಸಿ ಜಾಗ ಕಳೆದುಕೊಳ್ಳುತ್ತಾರೆ.

ಇದರ ಜೊತೆಗೇ ಇನ್ನೊಂದು. ಡಿಸ್ಟ್ರಿಕ್ಟ್‌ನ ಬೆಲೆ ನಿಮ್ಮ ಸಂಶೋಧನೆ ಮುಂದೆ ಹೋದಂತೆ ಏರುತ್ತದೆ, ಆದರೆ ಟೈಲ್ ಮೇಲೆ ಅಡಿಪಾಯ ಹಾಕಿದ ಗಳಿಗೆಯ ಬೆಲೆಗೇ ನಿಂತುಬಿಡುತ್ತದೆ. ಹೀಗಾಗಿ ಅವಕಾಶ ಸಿಕ್ಕ ಟರ್ನ್‌ನಲ್ಲೇ ಅಡಿಪಾಯ ಹಾಕಿ, ಮರುಕ್ಷಣ ಉತ್ಪಾದನೆಯನ್ನು ಸೆಟ್ಲರ್‌ಗೆ ತಿರುಗಿಸಿ. ಹತ್ತಿಪ್ಪತ್ತು ಟರ್ನ್ ಬಿಟ್ಟು ಹಳೆಯ ದರದಲ್ಲೇ ಮುಗಿಸಬಹುದು.

ಸಂಶೋಧನೆಯಲ್ಲೂ ರೂಢಿ ಬದಲಾಗಬೇಕು. 5ರಲ್ಲಿ ಸಾಲಾಗಿ ಕ್ಯೂ ಹಾಕಿ ಮರೆಯುತ್ತೀರಿ. 6ರಲ್ಲಿ ಬಹುತೇಕ ಪ್ರತಿ ತಂತ್ರಜ್ಞಾನಕ್ಕೂ ಯುರೇಕಾ (ಒಂದು ಕೆಲಸ ಮಾಡಿದರೆ ಸಿಗುವ ರಿಯಾಯಿತಿ) ಇದೆ, ವಿಸ್ತರಣೆಗಳ ಜೊತೆ ಆಡುವಾಗ ಅದರಿಂದ ಶೇ 40 ಉಳಿತಾಯ. ಸ್ಲಿಂಗರ್‌ನಿಂದ ಒಂದು ಯೂನಿಟ್ (ದಂಡಿನ ತುಕಡಿ) ಕೊಂದರೆ ಆರ್ಚರಿ, ಕಲ್ಲುಗಣಿ ಮಾಡಿದರೆ ಮೇಸನ್ರಿ, ಇನ್ನೊಂದು ನಾಗರಿಕತೆಯನ್ನು ಭೇಟಿಯಾದರೆ ರೈಟಿಂಗ್, ಮೂರು ಬಾರ್ಬೇರಿಯನ್‌ಗಳನ್ನು (ಯಾವ ನಾಗರಿಕತೆಗೂ ಸೇರದ ದಾಳಿಕೋರರು) ಹೊಡೆದರೆ ಬ್ರಾಂಜ್ ವರ್ಕಿಂಗ್. ಯುರೇಕಾ ಬರುವ ಭರವಸೆ ಇದ್ದರೆ ಶೇ 60ರ ಹತ್ತಿರ ಸಂಶೋಧನೆ ನಿಲ್ಲಿಸಿ ಬೇರೆಯದಕ್ಕೆ ಹೋಗಿ. ಪೂರ್ತಿ ಮುಗಿಸಿದ ಮೇಲೆ ಬಂದ ಯುರೇಕಾ ನೀರಲ್ಲಿ ಹೋಮ.

ಇನ್ನು ಯುದ್ಧ. ಪ್ರಿನ್ಸ್‌ನಲ್ಲೂ ಊರು ಕಳಕೊಳ್ಳುತ್ತಿದ್ದೀರಿ ಅಂದಿದ್ದೀರಿ. ಕಾರಣ ಮುಖ್ಯವಾಗಿ ಎರಡು. 5ರಲ್ಲಿ ಪ್ರತಿ ಊರೂ ಮೊದಲ ದಿನದಿಂದ ದೂರಕ್ಕೆ ಬಾಣ ಬಿಡುತ್ತದೆ. 6ರಲ್ಲಿ ಗೋಡೆ ಕಟ್ಟುವ ತನಕ ಊರಿಗೆ ಆ ಶಕ್ತಿ ಇಲ್ಲ. ಗಡಿಯ ಊರಿಗೆ ಪುರಾತನ ಗೋಡೆ, ಒಳಗೊಬ್ಬ ಆರ್ಚರ್, ಇಷ್ಟು ಕಡ್ಡಾಯ. ಎರಡನೆಯದು ನಡಿಗೆ. 5ರಲ್ಲಿ ಒಂದೇ ಒಂದು ಮೂವ್ ಉಳಿದಿದ್ದರೂ ಗುಡ್ಡ ಹತ್ತಬಹುದು. 6ರಲ್ಲಿ ಗುಡ್ಡಕ್ಕೆ 2 ಬೇಕೆಂದರೆ 2 ಇರಲೇಬೇಕು, ಇಲ್ಲದಿದ್ದರೆ ಮುಂದಿನ ಟರ್ನ್‌ಗೆ ಕಾಯಬೇಕು. ದಾಳಿಗೆ ಹೊರಟ ದಂಡು ಕಾಡಿನಂಚಿನಲ್ಲಿ ನಿಂತು ಸಾಯುವುದು ಇದರಿಂದ. ಬಾರ್ಬೇರಿಯನ್ ವಿಷಯವೂ ಸೇರಿಸಿಕೊಳ್ಳಿ: ಅವರ ಸ್ಕೌಟ್ ನಿಮ್ಮ ಊರನ್ನು ಕಂಡು ಬಿಡಾರಕ್ಕೆ ವಾಪಸ್ ಮುಟ್ಟಿದ ಮೇಲೆಯೇ ದಂಡು ಹೊರಡುವುದು. ಆ ಸ್ಕೌಟ್ ವಾಪಸ್ ಹೋಗುವ ಮೊದಲೇ ಅದನ್ನು ಹೊಡೆಯಿರಿ.

ದೂರದಲ್ಲಿ, ಪರರ ಊರುಗಳ ನಡುವೆ ಸೆಟ್ಲರ್ ಇಳಿಸುವುದೂ 5ರ ಚಾಳಿ. ವಿಸ್ತರಣೆ ಸೇರಿಸಿದ 6ರಲ್ಲಿ 9 ಟೈಲ್ ಒಳಗಿನ ಪರರ ಜನಸಂಖ್ಯೆ ನಿಮ್ಮ ಊರಿನ ನಿಷ್ಠೆಯನ್ನು ಕೊರೆಯುತ್ತದೆ. ಗವರ್ನರ್ ಕೂರಿಸಿದರೆ ಟರ್ನ್‌ಗೆ +8 ಸಿಗುತ್ತದೆ, ಅದೂ ಸಾಲದ ಜಾಗವಾದರೆ ಊರು ಕೈಬಿಟ್ಟು ಹೋಗುತ್ತದೆ.

ಈಗ 4. ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. 2005ರ ಆಟ, ವಿನ್ಯಾಸ ಸೊರೆನ್ ಜಾನ್ಸನ್ ಅವರದು, 2007ರ ಬಿಯಾಂಡ್ ದ ಸ್ವೋರ್ಡ್ ವಿಸ್ತರಣೆ ಸೇರಿಸಿಯೇ ಆಡಬೇಕು. ಅಲ್ಲಿ ಹೊಸ ಊರಿನ ಬೆಲೆ ಖಜಾನೆಯಿಂದ, ಪ್ರತಿ ಟರ್ನ್, ರಾಜಧಾನಿಯಿಂದ ದೂರ ಹೆಚ್ಚಿದಷ್ಟೂ ಹೆಚ್ಚು. ಬೇಗ ಬೇಗ ಆರು ಊರು ಹೂಡಿದರೆ ವಿಜ್ಞಾನದ ಸ್ಲೈಡರ್ (ಆದಾಯದಲ್ಲಿ ಸಂಶೋಧನೆಗೆ ಹೋಗುವ ಶೇಕಡಾ ಪಾಲು) 100ರಿಂದ 30ಕ್ಕೆ ಕುಸಿದು ಸಾಮ್ರಾಜ್ಯ ನಿಂತಲ್ಲೇ ನಿಲ್ಲುತ್ತದೆ. ಮದ್ದು ಗೊತ್ತಿದೆ: ಪಾಟರಿ ಕಲಿತು ಹೊಳೆಯಂಚಿಗೆ ಕಾಟೇಜ್ (ಆದಾಯ ತರುವ ಗುಡಿಸಲು) ಹಾಕಿ. ಅದರಲ್ಲಿ ಪ್ರಜೆ ದುಡಿದರೆ 10, ಆಮೇಲೆ 20, ಆಮೇಲೆ 40 ಟರ್ನ್‌ಗೆ ಬೆಳೆದು ಪಟ್ಟಣವಾಗುತ್ತದೆ. ಕರೆನ್ಸಿಯಿಂದ ಊರಿಗೊಂದು ವ್ಯಾಪಾರ ಮಾರ್ಗ ಹೆಚ್ಚು, ಕೋಡ್ ಆಫ್ ಲಾಸ್‌ನಿಂದ ಬರುವ ಕೋರ್ಟ್‌ಹೌಸ್ ಆ ಊರಿನ ಖರ್ಚನ್ನು ಅರ್ಧ ಮಾಡುತ್ತದೆ. ಕಾಟೇಜ್ ಇಟ್ಟು ಅದರಲ್ಲಿ ಪ್ರಜೆಯನ್ನು ಕೂರಿಸದೆ ಬಿಡುವುದು ಹೊಸಬರ ದೊಡ್ಡ ತಪ್ಪು. ದುಡಿಯದ ಟೈಲ್ ಬೆಳೆಯುವುದಿಲ್ಲ.

ಆದರೆ 4ರ ನಿಜವಾದ ಬಲ ಎದುರಾಳಿ. ಅಲ್ಲಿ ಒಂದೇ ಚೌಕದಲ್ಲಿ ಎಷ್ಟು ಯೂನಿಟ್ ಬೇಕಾದರೂ ನಿಲ್ಲುತ್ತವೆ, ಮುಂಬೈನ ವಿರಾರ್ ಲೋಕಲ್ ರೈಲಿನ ಡಬ್ಬಿಯ ಹಾಗೆ. ಕಂಪ್ಯೂಟರ್‌ಗೆ ಇದು ಸುಲಭ: ಇಪ್ಪತ್ತು ಯೂನಿಟ್ ಕೂಡಿಸಿ ನಿಮ್ಮ ಗಡಿಯೊಳಗೆ ನಡೆದು ಬಂದರೆ ಸಾಕು, ನಿಮ್ಮ ಜೀವ ಬಾಯಿಗೆ ಬರುತ್ತದೆ. ಉಪಾಯ ಕ್ಯಾಟಪಲ್ಟ್: ಎರಡು ಮೂರನ್ನು ಬಲಿ ಕೊಟ್ಟು ಆ ರಾಶಿಗೆ ಹಾಯಿಸಿದರೆ ಒಂದೇ ಏಟು ಹಲವು ಯೂನಿಟ್‌ಗೆ ತಗಲುತ್ತದೆ, ಆಮೇಲೆ ಉಳಿದವರನ್ನು ಬಿಡಿ. 5 ಮತ್ತು 6ರಲ್ಲಿ ಟೈಲ್‌ಗೊಂದೇ ಯೂನಿಟ್. ಅದರಿಂದ ಘಾಟಿಯ ಬಾಯಿ ಕಟ್ಟಿ ಕಾದಾಡುವ ಸೊಗಸು ಬಂತು, ನಿಜ. ಆದರೆ ಕಂಪ್ಯೂಟರ್‌ನ ದಂಡು ಸೋಮವಾರ ಬೆಳಗಿನ ಹಿಂಜವಡಿ ರಸ್ತೆಯಂತೆ ಒಂದರ ಹಿಂದೊಂದು ಸಿಕ್ಕಿಕೊಂಡು, ನಾಲ್ಕು ಆರ್ಚರ್‌ಗಳಿಗೆ ಸಾಯುತ್ತದೆ. ಆ ಕೊರತೆ ತುಂಬಲು ಮೇಲಿನ ಮಟ್ಟಗಳಲ್ಲಿ ಎದುರಾಳಿಗೆ ಆರಂಭದಲ್ಲೇ ಉಡುಗೊರೆ ಕೊಡುತ್ತಾರೆ. 6ರ ಅತಿ ಕಠಿಣ ಮಟ್ಟವಾದ ಡೀಟಿಯಲ್ಲಿ ಅವರಿಗೆ ಮೂರು ಸೆಟ್ಲರ್. ಮೊದಲ 80 ಟರ್ನ್ ಬದುಕಿಕೊಂಡರೆ ಮುಂದಿನ ಆಟದಲ್ಲಿ ಭಯವಿಲ್ಲ. 4ರಲ್ಲಿ ಆ ಭಯ ಕೊನೆಯವರೆಗೂ ಇರುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ನಕಾಶೆ 6ರದು, ಒಳ್ಳೆಯ ಎದುರಾಳಿ 4ರದು. 4 ಶುರು ಮಾಡಿದರೆ ಅಲ್ಲಿನ ಸಾಧಾರಣ ನೋಬಲ್ ಮಟ್ಟದಿಂದ ಮಾಡಿ, 5ರ ಎಂಪರರ್ ಲೆಕ್ಕ ಅಲ್ಲಿಗೆ ತರಬೇಡಿ.

7 ಬಂದದ್ದು 2025ರ ಫೆಬ್ರುವರಿಯಲ್ಲಿ. ಅಲ್ಲಿ ಊರಿನ ಸಂಖ್ಯೆಗೆ ನೇರ ಮಿತಿ ಇದೆ, ಮೀರಿದರೆ ಸಂತೋಷ ಇಳಿಯುತ್ತದೆ. ಹೊಸದಾಗಿ ಹೂಡಿದ್ದು ಟೌನ್, ಅದರ ಉತ್ಪಾದನೆಯೆಲ್ಲ ಚಿನ್ನವಾಗುತ್ತದೆ, ಚಿನ್ನ ಕೊಟ್ಟು ಅದನ್ನು ಸಿಟಿ ಮಾಡಬೇಕು. ಬಿಲ್ಡರ್ ಇಲ್ಲ. ಕಮಾಂಡರ್ ಒಳಗೆ ಯೂನಿಟ್‌ಗಳನ್ನು ತುಂಬಿಕೊಂಡು ಹೋಗಿ ರಣದಲ್ಲಿ ಬಿಚ್ಚಬಹುದು, 4ರ ರಾಶಿಗೂ 5ರ ಸಾಲಿಗೂ ನಡುವಿನ ಜಾಣ ದಾರಿ ಇದು, ನನಗೆ ಬಹಳ ಹಿಡಿಸಿದೆ. ಆದರೆ ಆಟ ಮೂರು ಯುಗಗಳಾಗಿ ಒಡೆದಿದೆ. ಬಿಡುಗಡೆಯಾದಾಗಿನ ನಿಯಮದಲ್ಲಿ ಯುಗ ಬದಲಾದಾಗ ನಾಗರಿಕತೆಯೂ ಬದಲು, ರಾಜಧಾನಿ ಬಿಟ್ಟು ಉಳಿದ ಸಿಟಿಗಳು ಮತ್ತೆ ಟೌನ್. ಅಶೋಕನನ್ನು ನಾಯಕನಾಗಿಟ್ಟುಕೊಂಡು ಮೌರ್ಯ, ಚೋಳ, ಮೊಘಲ್ ಎಂದು ಸಾಗಬಹುದು. ಒಂದೇ ಜನವನ್ನು ಕಲ್ಲಿನ ಕಾಲದಿಂದ ರಾಕೆಟ್ ತನಕ ಸಾಕುವ ಖುಷಿಗೆ ಆಡುವವರಿಗೆ ಇದು ಕಸಿವಿಸಿ ಮಾಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗಂತೂ ಈಗ ಬೇಡ: ಕನಿಷ್ಠ ಅಗತ್ಯದಲ್ಲೇ ಜಿಟಿಎಕ್ಸ್ 1050 ಮಟ್ಟದ ಬೇರೆ ಕಾರ್ಡ್ ಕೇಳುತ್ತದೆ.

6 ಅದೇ ಲ್ಯಾಪ್‌ಟಾಪ್‌ನಲ್ಲಿ ಓಡಬೇಕಾದರೆ ಸ್ಮಾಲ್ ನಕಾಶೆ (6 ಆಟಗಾರರು), ಕ್ವಿಕ್ ಮೂವ್‌ಮೆಂಟ್ ಮತ್ತು ಕ್ವಿಕ್ ಕಾಂಬ್ಯಾಟ್ ಆನ್, ಮಿನಿಮ್ಯಾಪ್ ಹತ್ತಿರದ ಸ್ಟ್ರಾಟೆಜಿಕ್ ವ್ಯೂ. ಆ ಚಪ್ಪಟೆ ನಕಾಶೆಯಲ್ಲಿ ಗ್ರಾಫಿಕ್ಸ್ ಹೊರೆ ಇಳಿದು, ಪುಣೆಯ ಏಪ್ರಿಲ್‌ನಲ್ಲೂ ಫ್ಯಾನ್ ಅಷ್ಟು ಕೂಗುವುದಿಲ್ಲ. ಡಿಸ್ಟ್ರಿಕ್ಟ್‌ಗಳೂ ಅಲ್ಲೇ ಸ್ಪಷ್ಟ ಕಾಣುತ್ತವೆ. ಡಿಎಲ್‌ಸಿ (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ) ಒಂದೇ ತಗೊಳ್ಳುವುದಾದರೆ ಗ್ಯಾದರಿಂಗ್ ಸ್ಟಾರ್ಮ್. ರೈಸ್ ಅಂಡ್ ಫಾಲ್‌ನ ನಿಷ್ಠೆ, ಗವರ್ನರ್ ವ್ಯವಸ್ಥೆ ಅದರೊಳಗೇ ಬರುತ್ತದೆ, ಆ ಹಳೆಯ ವಿಸ್ತರಣೆಯ ನಾಗರಿಕತೆಗಳು ಮಾತ್ರ ಬರುವುದಿಲ್ಲ.

ಭಾನುವಾರದ ಆಟಕ್ಕೆ ಮಲ್ಟಿಪ್ಲೇಯರ್ ಮೆನುವಿನಲ್ಲಿ ಹಾಟ್ ಸೀಟ್ ಇದೆ, ಒಂದೇ ಲ್ಯಾಪ್‌ಟಾಪ್ ಕೈಯಿಂದ ಕೈಗೆ. ಟೈನಿ ನಕಾಶೆ, ನೀವು ಮೂವರು ಮತ್ತು ಒಂದು ಕಂಪ್ಯೂಟರ್, ವೇಗ ಆನ್‌ಲೈನ್. ಆ ವೇಗದಲ್ಲಿ ಬೆಲೆಗಳೆಲ್ಲ ಅರ್ಧ, 500ರ ಬದಲು 250 ಟರ್ನ್. ಮೇಲೆ ಹೇಳಿದ 50 ಮತ್ತು 100ರ ಅಳತೆಯನ್ನೂ ಅಲ್ಲಿ 25 ಮತ್ತು 50 ಎಂದು ಓದಿಕೊಳ್ಳಿ. ಟೈನಿಯಲ್ಲಿ ಜಾಗ ಇಕ್ಕಟ್ಟು, ಆದ್ದರಿಂದ ಊರು 10 ಆಗದಿದ್ದರೆ ಚಿಂತೆ ಬೇಡ, 6 ಸಾಕು.