ಗೋವೆಯ ನದಿಗಳಲ್ಲಿ ಆಸ್ಪ್ರೆ ನೋಡಲು ಎಲ್ಲಿ, ಯಾವಾಗ, ಹೇಗೆ ಕಾಯಬೇಕು?

ಪ್ರಶ್ನೆ: ನಾವು ವಾಸ್ಕೊ, ಪೋಂಡಾ ಕಡೆ ಇರುವ ಐದು ಜನ ಕನ್ನಡಿಗರು. ಬ್ರಿಟನ್ನಿನ ಗೂಡುಗಳ ನೇರಪ್ರಸಾರದಲ್ಲಿ ಬೇಸಿಗೆಯಿಡೀ ಆಸ್ಪ್ರೆ (ಮೀನು ಹಿಡಿದು ಬದುಕುವ ದೊಡ್ಡ ಬೇಟೆಹಕ್ಕಿ) ನೋಡಿದೆವು. ಅವೇ ಹಕ್ಕಿಗಳು ಗೋವೆಗೆ ಬರುತ್ತವೆಯೇ? ಮೂರು ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾಂಡವಿ ದಂಡೆಯಲ್ಲಿ ಬೈಕಿನಲ್ಲಿ ಸುತ್ತಿದೆವು, ಒಂದೂ ಕಾಣಲಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? ಲೆಕ್ಕ ಇಡುವುದು ಹೇಗೆ?

ಉತ್ತರ:

ನಿರಾಸೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನೋಡಿದ ಹಕ್ಕಿಗಳು ಇಲ್ಲಿಗೆ ಬರುವುದಿಲ್ಲ. ಸ್ಕಾಟ್ಲೆಂಡಿನ ಲಾಕ್ ಗಾರ್ಟನ್, ಇಂಗ್ಲೆಂಡಿನ ರಟ್‌ಲ್ಯಾಂಡ್ ಕಡೆಯವು ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊರಟು ಸಹಾರಾ ದಾಟಿ ಬಹುಪಾಲು ಸೆನೆಗಲ್, ಗ್ಯಾಂಬಿಯಾ ಸೇರುತ್ತವೆ. ನಮ್ಮ ನದಿಗಳಿಗೆ ಇಳಿಯುವವು ಉತ್ತರ ಏಷ್ಯಾದವು. ಜಾತಿ ಒಂದೇ, ದಾರಿ ಬೇರೆ. ಇನ್ನೊಂದು ವಿಷಯ: ಕೊಕ್ಕರೆಗಳ ಹಾಗೆ ಹಿಂಡು ಕಟ್ಟಿಕೊಂಡು ಬರುವ ಹಕ್ಕಿ ಇದಲ್ಲ. ರೆಕ್ಕೆ ಬಡಿಯುತ್ತ ಒಂಟಿಯಾಗಿ, ಅಗಲವಾದ ದಾರಿಯಲ್ಲಿ ಚದುರಿ ಹೋಗುತ್ತದೆ. ನೆಲದಿಂದ ಮೇಲೇಳುವ ಬಿಸಿಗಾಳಿಯನ್ನೇ ಪೂರ್ತಿ ನಂಬಿಕೊಂಡಿರದ ಕಾರಣ ಸಮುದ್ರವನ್ನೂ ದಾಟಬಲ್ಲದು. ಹಾಗಾಗಿ ಗುಡ್ಡದ ಮೇಲೆ ಕುಳಿತು ವಲಸೆ ಎಣಿಸುತ್ತೇವೆ ಎಂದರೆ ಕತ್ತು ನೋವಷ್ಟೇ ಲಾಭ. ಬಂದು ತಂಗಿದ ಮೇಲೆ ನೋಡುವುದೇ ನಮ್ಮ ಪಾಲಿನ ಕೆಲಸ, ಅದು ಸುಲಭ ಕೂಡ. ಚಳಿಗಾಲ ಕಳೆದ ಜಾಗಕ್ಕೇ ಮರುವರ್ಷವೂ ಬರುವ ಅಭ್ಯಾಸ ಇದಕ್ಕಿದೆ. ಎಷ್ಟೋ ಸಲ ಕೂರುವುದೂ ನೀರಿನಲ್ಲಿ ನೆಟ್ಟ ಅದೇ ಗೂಟದ ಮೇಲೆ!

ನಿಮ್ಮ ತಪ್ಪು ಗಡಿಯಾರದ್ದು. ಭರತ–ಇಳಿತ (ಸಮುದ್ರದ ಜೊತೆ ನದಿಯ ನೀರೂ ಏರಿಳಿಯುವುದು) ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಏಳು ದಿನಕ್ಕೆ ಹತ್ತಿರಹತ್ತಿರ ಆರು ಗಂಟೆ. ಒಂದು ಭಾನುವಾರ ಎಂಟಕ್ಕೆ ಪೂರ್ಣ ಇಳಿತವಿದ್ದರೆ ಮುಂದಿನ ಭಾನುವಾರ ಎಂಟಕ್ಕೆ ಹೆಚ್ಚುಕಡಿಮೆ ಪೂರ್ಣ ಭರತ. ಆಸ್ಪ್ರೆ ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ, ಮೇಲಿನ ಒಂದು ಮೀಟರಿಗಿಂತ ಆಳದ ಮೀನು ಅದಕ್ಕೆ ಸಿಗದು. ಭರತದ ಹೊತ್ತಿನಲ್ಲಿ ಮೀನು ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಹೊಕ್ಕಿರುತ್ತದೆ. ಇಳಿತದಲ್ಲಿ ತೆಳುನೀರಿನ ಕಾಲುವೆಗೆ ಬಂದು ಸೇರುತ್ತದೆ. ನನ್ನ ಲೆಕ್ಕದಲ್ಲಿ ಇಳಿತದ ಕೊನೆಯ ಎರಡು ಗಂಟೆ, ಆಮೇಲೆ ನೀರು ಏರುವ ಮೊದಲ ಒಂದು ಗಂಟೆ ಕಾಯಲು ಯೋಗ್ಯ. ಅದು ಬೆಳಿಗ್ಗೆ 7ರಿಂದ 10ರ ಒಳಗೆ ಬೀಳುವ ರಜಾದಿನಗಳನ್ನು ಮುರ್ಮಗೋವಾ ಬಂದರಿನ ಭರತ–ಇಳಿತ ಪಟ್ಟಿ ನೋಡಿ ತಿಂಗಳ ಮೊದಲೇ ಗುರುತು ಹಾಕಿಕೊಳ್ಳಿ. ಪಟ್ಟಿಯ ಹೊತ್ತು ಅಳಿವೆಯದು. ನದಿಯಲ್ಲಿ ಮೇಲಕ್ಕೆ ಹೋದಷ್ಟೂ ತಡವಾಗುತ್ತದೆ. ಅನುಮಾನ ಬಂದರೆ ನೀರಿನಲ್ಲಿ ನೆಟ್ಟ ಗೂಟ ನೋಡಿ: ನೀರಿನ ಮಟ್ಟದ ಮೇಲೆ ಒದ್ದೆಯಾದ ಕಪ್ಪು ಪಟ್ಟಿ ಮಿನುಗುತ್ತಿದ್ದರೆ ಇಳಿಯುತ್ತಿದೆ, ನೀರು ಮುಟ್ಟುವವರೆಗೂ ಒಣಗಿದ್ದರೆ ಏರುತ್ತಿದೆ.

ತಿಂಗಳು ನವೆಂಬರಿನಿಂದ ಫೆಬ್ರವರಿ. ಸೆಪ್ಟೆಂಬರ್ ಕೊನೆಗೇ ಕೆಲವು ಬಂದಿರುತ್ತವೆ, ಆದರೆ ಮಳೆ ನಿಂತ ಹೊಸತರಲ್ಲಿ ನದಿ ಕೆಂಪಗಿರುತ್ತದೆ, ಕಲಕಿದ ನೀರಿನಲ್ಲಿ ಅದಕ್ಕೂ ಮೀನು ಕಾಣದು. ದೊಡ್ಡವು ಮಾರ್ಚ್, ಏಪ್ರಿಲಿನಲ್ಲಿ ಹೊರಡುತ್ತವೆ. ಮೇ, ಜೂನಿನಲ್ಲಿ ಒಂದು ಕಂಡರೆ ಗಾಯಗೊಂಡು ಉಳಿದಿದೆ ಎಂದು ಮರುಗಬೇಡಿ. ಮರಿಗಳು ತಮ್ಮ ಮೊದಲ ಬೇಸಿಗೆಯನ್ನು ಚಳಿಗಾಲದ ಜಾಗದಲ್ಲೇ ಕಳೆಯುತ್ತವೆ, ಎರಡು ಮೂರು ವರ್ಷ ತುಂಬಿದ ಮೇಲೆ ಉತ್ತರಕ್ಕೆ ಹಿಂದಿರುಗುತ್ತವೆ.

ಜಾಗ: ವಾಸ್ಕೊದಿಂದ ಬರುವವರಿಗೆ ಝುವಾರಿ ನದಿ ಹತ್ತಿರ. ಕೊರ್ಟಾಲಿಮ್ ಕಡೆಯಿಂದ ಹೊರಡುವ ಪಕ್ಷಿವೀಕ್ಷಣೆಯ ದೋಣಿಗಳು ಕುಂಬಾರ್ಜುವಾ ಕಾಲುವೆಯೊಳಗೂ ಹೋಗುತ್ತವೆ. ಪೋಂಡಾದವರಿಗೆ ರಿಬಂದರಿನಿಂದ ಫೆರಿಯಲ್ಲಿ ದಾಟಿದರೆ ಚೋರಾಂವ್ ದ್ವೀಪ. ಅಲ್ಲಿಯ ಸಲೀಂ ಅಲಿ ಪಕ್ಷಿಧಾಮ ಎರಡು ಚದರ ಕಿ.ಮೀ.ಗೂ ಕಡಿಮೆ, ಪೂರ್ತಿ ಕಾಂಡ್ಲ ಕಾಡು. ಒಳಗೆ ನಡೆಯುವುದಕ್ಕಿಂತ ನದಿಯ ಕಡೆಗೆ ತೆರೆದ ಜಾಗದಲ್ಲಿ ಕೂರುವುದು ಮೇಲು. ಖಜಾನ್ ಗದ್ದೆಗಳನ್ನು (ನದಿಯ ಉಪ್ಪುನೀರಿಗೆ ಒಡ್ಡು ಕಟ್ಟಿದ ತಗ್ಗು ಗದ್ದೆ, ಉತ್ತರ ಕನ್ನಡದವರು ಗಜನಿ ಅನ್ನುತ್ತಾರಲ್ಲ, ಅದೇ) ಬಿಡಬೇಡಿ. ಮಾನಸ್ ಎಂಬ ಮರದ ತೂಬು ತೆರೆದು ನೀರು ಬಿಡುವ ಕಡೆ ಮೀನು ಒತ್ತೊತ್ತಾಗಿ ಸೇರುತ್ತದೆ. ಕರ್ಮಳಿ ಕೆರೆಗೂ ಆಸ್ಪ್ರೆ ಬರುವುದುಂಟು, ಆದರೆ ಅದಕ್ಕಾಗಿಯೇ ಹೋಗಿ ಕೂರುವಷ್ಟು ನಂಬಿಕೆಯ ಜಾಗವಲ್ಲ.

ಒಂದು ಎಚ್ಚರಿಕೆ. ಕುಂಬಾರ್ಜುವಾದಲ್ಲಿ ಮೊಸಳೆಗಳಿವೆ. ಫೋಟೊದ ಆಸೆಗೆ ಕೆಸರಿನ ಅಂಚಿಗೆ ಇಳಿದು ಕೂರಬೇಡಿ.

ಬೈಕಿನಲ್ಲಿ ಸುತ್ತುವುದನ್ನು ಬಿಡಿ. ಒಂದೇ ಜಾಗದಲ್ಲಿ ಎರಡೂವರೆ ಗಂಟೆ ಕುಳಿತು, ಆಕಾಶ ನೋಡುವ ಬದಲು ಗೂಟಗಳನ್ನು ನೋಡಿ. ಬಲೆ ಕಟ್ಟಲು ನೆಟ್ಟ ಕಂಬ, ನದಿಯ ಕಾಲುವೆಯ ಗುರುತಿನ ಕಂಬ, ಒಣಮರದ ತುದಿ, ವಿದ್ಯುತ್ ಗೋಪುರ. ಹತ್ತು ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಒಂದೊಂದೇ ಕಂಬದ ಮೇಲೆ ದುರ್ಬೀನು ಹಾಯಿಸಿ. ಕಂಬದ ತುದಿ ಬಿಳಿ ಹಿಕ್ಕೆಯಿಂದ ಮೆತ್ತಿದ್ದರೆ ಅದು ಆಸ್ಪ್ರೆಯದೇ ಎಂದು ಹಿಗ್ಗಬೇಡಿ, ನೀರುಕಾಗೆಯೂ ಹಾಗೇ ಬಳಿಯುತ್ತದೆ.

ಗುರುತಿಸುವುದರಲ್ಲಿ ಗೋವೆಯಲ್ಲಿ ಆಗುವ ತಪ್ಪು ಮೂರೇ. ಗರುಡನ ಮರಿ ಕಂದುಬಣ್ಣ, ಬಾಲ ದುಂಡಗೆ. ಹದ್ದಿನ ಬಾಲ ಕವೆಯಾಗಿ ಸೀಳಿರುತ್ತದೆ. ಜೌಗಿನ ಸೆಳೆವ ಎಂಬ ಬೇಟೆಹಕ್ಕಿಯ ತಲೆಯ ಮೇಲೂ ಬಿಳಿ ಇರುತ್ತದೆ ನಿಜ, ಆದರೆ ಅದು ರೆಕ್ಕೆಗಳನ್ನು ಮೇಲಕ್ಕೆತ್ತಿ ಹುಲ್ಲಿನ ಮೇಲೆ ತಗ್ಗಿ ತೇಲುತ್ತದೆ. ಆಸ್ಪ್ರೆಯ ರೆಕ್ಕೆ ಉದ್ದ, ಕಿರಿದು, ಮಣಿಕಟ್ಟಿನಲ್ಲಿ ಬಾಗಿ ದೂರದಿಂದ ಕಡಲಕಾಗೆಯ ಹಾಗೆ ಕಾಣುತ್ತದೆ. ಹೊಟ್ಟೆ ಅಚ್ಚ ಬಿಳಿ, ಮಣಿಕಟ್ಟಿನಲ್ಲಿ ಕಪ್ಪು ಮಚ್ಚೆ, ಕಣ್ಣಿನ ಮೇಲೆ ಹಾಯ್ದ ಗಾಢ ಕಂದು ಪಟ್ಟಿ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ದಾಟುತ್ತದೆ. ಎದೆಯ ಕಂದುಪಟ್ಟಿ ದಟ್ಟವಾಗಿದ್ದರೆ ಸಾಮಾನ್ಯವಾಗಿ ಹೆಣ್ಣು, ಆದರೆ ಅದೊಂದರ ಮೇಲೆ ಪಣ ಕಟ್ಟಬೇಡಿ. ಬೆನ್ನಿನ ಗರಿಗಳಿಗೆ ತೆಳುಬಣ್ಣದ ಅಂಚು, ಕಿತ್ತಳೆ ಕಣ್ಣು ಇದ್ದರೆ ಆ ವರ್ಷದ ಮರಿ. ದೊಡ್ಡದರ ಕಣ್ಣು ಹಳದಿ.

ಬೇಟೆ ನೋಡಬೇಕೆಂದರೆ ಮೊದಲು ಕುಳಿತ ಹಕ್ಕಿಯ ಕೊರಳ ಬುಡ ನೋಡಿ. ಅಲ್ಲಿ ಉಬ್ಬಿದ್ದರೆ ಈಗಷ್ಟೇ ತಿಂದಿದೆ. ಇನ್ನು ಗಂಟೆಗಟ್ಟಲೆ ಅಲುಗುವುದಿಲ್ಲ, ನೀವು ಚಹಾಕ್ಕೆ ಹೋಗಬಹುದು. ಚಪ್ಪಟೆಯಿದ್ದರೆ ಕಾಯಿರಿ. ಹೊರಟ ಹಕ್ಕಿ ಹತ್ತರಿಂದ ನಲವತ್ತು ಮೀಟರ್ ಎತ್ತರದಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಕಾಲು ಜೋತುಬಿದ್ದು ರೆಕ್ಕೆ ಅರ್ಧ ಮಡಿಸಿತೆಂದರೆ ಧುಮುಕುವುದು ಖಚಿತ. ನೀರಿಗೆ ಬಿದ್ದ ಮೇಲೆ ದುರ್ಬೀನು ಇಳಿಸಬೇಡಿ, ನೋಡುವಂಥದ್ದು ಆಮೇಲೆಯೇ ಇರುವುದು. ಒಂದೆರಡು ಕ್ಷಣ ರೆಕ್ಕೆ ಹರಡಿ ನೀರಿನ ಮೇಲೆ ತೇಲುತ್ತದೆ, ಭಾರವಾಗಿ ಏಳುತ್ತದೆ, ಹತ್ತಿಪ್ಪತ್ತು ಮೀಟರ್ ಹಾರಿದ ಮೇಲೆ ಒದ್ದೆ ನಾಯಿಯ ಹಾಗೆ ಗಾಳಿಯಲ್ಲೇ ಮೈ ಕೊಡವುತ್ತದೆ. ಆಮೇಲೆ ಒಂದು ಪಾದ ಮುಂದೆ, ಒಂದು ಹಿಂದೆ ಮಾಡಿ ಮೀನಿನ ತಲೆಯನ್ನು ಹಾರುವ ದಿಕ್ಕಿಗೆ ತಿರುಗಿಸಿಕೊಳ್ಳುತ್ತದೆ, ಗಾಳಿ ಸೀಳಲು ಸಲೀಸು. ಹೊರಬೆರಳು ಹಿಂದಕ್ಕೂ ತಿರುಗುವುದರಿಂದ ಎರಡು ಬೆರಳು ಮುಂದೆ, ಎರಡು ಹಿಂದೆ ಹಿಡಿಯಬಲ್ಲದು. ಅಂಗಾಲಿನಲ್ಲಿ ಗರಗಸದಂಥ ಮುಳ್ಳುಗಳಿವೆ. ಹಾಗಾಗಿ ಗೋವೆಯವರು ಶೆವ್ಟೊ ಅನ್ನುವ ಜಾರುವ ಮೀನೂ ತಪ್ಪಿಸಿಕೊಳ್ಳದು. ಆದರೂ ಧುಮುಕಿದ್ದೆಲ್ಲ ಸಫಲವಾಗದು. ಗಾಳಿ ಬೀಸಿ ನೀರು ಅಲೆಯೆದ್ದಿದ್ದರೆ ಬರಿಗಾಲೇ ಹೆಚ್ಚು.

ಸಿಕ್ಕರೆ ಗೂಟದ ಮೇಲೆ ತಲೆಯಿಂದ ತಿನ್ನಲು ಶುರುಮಾಡುತ್ತದೆ. ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಸುತ್ತ ಕಾಗೆ, ಮೇಲೆ ಗರುಡ ಕಾಯುತ್ತಿರುತ್ತವೆ. ತಿಂದು ಮುಗಿಸಿ ಹಾರುವಾಗ ಕಾಲನ್ನು ನೀರಿನಲ್ಲಿ ಎಳೆದುಕೊಂಡು ಹೋಗುವುದನ್ನು ನೋಡಿ, ಲೋಳೆ ತೊಳೆಯುವ ಬಗೆ ಅದು.

ದೋಣಿಯಲ್ಲಿ 8×42 ದುರ್ಬೀನು ಸಾಕು. 10×42 ಅಲುಗಾಟವನ್ನೂ ಹಿಗ್ಗಿಸುತ್ತದೆ. ದಂಡೆಯಿಂದಾದರೆ ಐವರಿಗೂ ಸೇರಿ ಸ್ಟ್ಯಾಂಡ್ ಸಮೇತ ಒಂದು 20–60× ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಿಂದ ನೋಡುವ ದೊಡ್ಡ ದುರ್ಬೀನು) ತನ್ನಿ, ಇನ್ನೊಂದು ಕ್ಯಾಮೆರಾಕ್ಕಿಂತ ಅದು ಉಪಯೋಗ. ಕ್ಯಾಮೆರಾಗೆ 400 ಮಿ.ಮೀ. ಲೆನ್ಸ್, ಶಟರ್ 1/2000ಕ್ಕಿಂತ ನಿಧಾನ ಬೇಡ. ಕಾಂಡ್ಲದ ಕಪ್ಪು ಹಿನ್ನೆಲೆಯಲ್ಲಿ ಬಿಳಿ ತಲೆ ಸುಟ್ಟುಹೋಗುತ್ತದೆ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಇಳಿಸಿ. ಆಕಾಶದ ಎದುರಿಗಿದ್ದರೆ ಒಂದು ಸ್ಟಾಪ್ ಏರಿಸಿ.

ದೋಣಿಯವರಿಗೆ ಹೊರಡುವ ಮೊದಲೇ ಹೇಳಿ: ನೇರ ಹಕ್ಕಿಯ ಕಡೆಗೆ ತಿರುಗಿಸಬೇಡಿ, ಓರೆಯಾಗಿ ದಾಟಿ, ಎಂಜಿನ್ ತಗ್ಗಿಸಿ, ಅರವತ್ತು ಮೀಟರ್ ಹತ್ತಿರ ಸಾಕು. ಹಕ್ಕಿ ಕತ್ತು ಉದ್ದ ಮಾಡಿ ಮುಂದಕ್ಕೆ ಬಾಗಿತು, ಹಿಕ್ಕೆ ಹಾಕಿತು ಅಂದರೆ ಹಾರಲು ತಯಾರಾಗಿದೆ, ಅಲ್ಲೇ ನಿಲ್ಲಿಸಿ. ಅರ್ಧ ತಿಂದ ಮೀನು ಬಿದ್ದುಹೋದರೆ ಅದಕ್ಕೆ ಒಂದು ಹೊತ್ತಿನ ಊಟ ನಷ್ಟ. ಮೀನು ಎಸೆದು ಕರೆಯುತ್ತೇನೆ ಎಂದರೆ ಒಪ್ಪಬೇಡಿ. ಬರುವುದು ಗರುಡ, ಹದ್ದು. ಆಸ್ಪ್ರೆ ಬಹುಪಾಲು ಜೀವಂತ ಮೀನನ್ನೇ ಹಿಡಿಯುವುದು.

ಇನ್ನು ಲೆಕ್ಕ. ಐವರು ಐದು ಕಡೆ ಕೂತರೆ ಎರಡು ಹಕ್ಕಿ ಐದಾಗುತ್ತವೆ. ರಿಬಂದರಿನವರು 7:40ಕ್ಕೆ ಮೀನು ಹಿಡಿದು ಚೋರಾಂವ್ ಕಡೆಗೆ ಹಾರಿದ್ದನ್ನು ಬರೆದರು, ಚೋರಾಂವ್‌ನವರು 7:44ಕ್ಕೆ ಮೀನು ಹಿಡಿದು ಬಂದದ್ದನ್ನು ಬರೆದರು ಎಂದುಕೊಳ್ಳಿ, ಅದು ಒಂದೇ. ಆದ್ದರಿಂದ ನಿಮಿಷ, ದಿಕ್ಕು, ಮೀನು ಇತ್ತೇ ಇಲ್ಲವೇ, ಇಷ್ಟನ್ನು ತಪ್ಪದೆ ಬರೆಯಿರಿ. ಮನೆಗೆ ಹೋಗಿ ಜೋಡಿಸಿ ನೋಡಿ, ಒಟ್ಟಿಗೇ ಕಂಡ ಗರಿಷ್ಠ ಸಂಖ್ಯೆಯನ್ನೇ ಇ–ಬರ್ಡ್‌ನಲ್ಲಿ (ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ) ಹಾಕಿ. ಕಾಣದ ದಿನದ ಪಟ್ಟಿಯನ್ನೂ ಹಾಕಿ, ಆ ಮೂರು ಭಾನುವಾರದ್ದೂ ಸೇರಿ. ಅಲ್ಲಿ ಕಂಡ ಬೇರೆ ಹಕ್ಕಿಗಳನ್ನೆಲ್ಲ ಬರೆದಿದ್ದರೆ ಅದು ಪೂರ್ಣ ಪಟ್ಟಿಯೇ. ಪ್ರತಿ ಹಕ್ಕಿಯ ತಲೆಯನ್ನು ಎರಡೂ ಬದಿಯಿಂದ ತೆಗೆದಿಡಿ, ನೆತ್ತಿಯ ಕಂದು ಗೆರೆಗಳು ಒಂದರಂತೆ ಇನ್ನೊಂದಕ್ಕಿಲ್ಲ. ರೆಕ್ಕೆಯಲ್ಲಿ ಉದುರಿದ ಗರಿಯ ಕಿಂಡಿ ಕೆಲವು ವಾರದ ಮಟ್ಟಿಗೆ ಗುರುತಾಗುತ್ತದೆ. ಮುಂದಿನ ನವೆಂಬರಿನಲ್ಲಿ ಅದೇ ಗೂಟಕ್ಕೆ ಬಂದದ್ದು ಅದೇ ಹಕ್ಕಿಯೇ ಎಂದು ಹೇಳಲು ನಿಮ್ಮ ಬಳಿ ಇರುವುದು ಆ ನೆತ್ತಿಯ ಫೋಟೊ ಮಾತ್ರ.

ಕಾಲಿನಲ್ಲಿ ಸಂಶೋಧಕರು ತೊಡಿಸಿದ ಗುರುತಿನ ಉಂಗುರ ಕಂಡರೆ ಬಣ್ಣ, ಎಡಗಾಲೋ ಬಲಗಾಲೋ, ಅಕ್ಷರ ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ, ಎಲ್ಲ ಬರೆದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಫೋಟೊ ಸಮೇತ ಕಳಿಸಿ. ಎಡ–ಬಲ ಹೇಳುವಾಗ ಹಕ್ಕಿಯ ಎಡ–ಬಲ, ನಿಮ್ಮದಲ್ಲ.