ತಯಾರಿ ಓಟದಲ್ಲಿ ಸೋತ ಕುದುರೆಯನ್ನು ಡರ್ಬಿಯ ಲೆಕ್ಕದಿಂದ ಬಿಡಬೇಕೇ?

ಸಾಗರದಿಂದ ನೀವು ಕೇಳಿರುವುದು ಇಷ್ಟು: ಅಮೆರಿಕದ ದೊಡ್ಡ ಕುದುರೆ ಓಟವಾದ ಕೆಂಟಕಿ ಡರ್ಬಿಗೆ ಮೊದಲಿನ ತಯಾರಿ ಓಟಗಳಲ್ಲಿ ನಿಮ್ಮ ಮೆಚ್ಚಿನ ಎರಡು ಕುದುರೆಗಳೂ ಸೋತಿವೆ. ಒಂದು ದಾರಿ ಸಿಗದೆ ಒದ್ದಾಡಿ ಮೂರನೆಯದಾಯಿತು. ಇನ್ನೊಂದು ಉದ್ದಕ್ಕೂ ಮುಂದಿದ್ದು, ಕೊನೆಯ 200 ಮೀಟರಿನಲ್ಲಿ ಸುಸ್ತಾಗಿ ಐದಕ್ಕೆ ಇಳಿಯಿತು. ಗೆಳೆಯರೊಂದಿಗೆ ಕಟ್ಟಿರುವ ಊಟದ ಪಣಕ್ಕೆ ಇವುಗಳಲ್ಲಿ ಒಂದನ್ನಾದರೂ ಇಟ್ಟುಕೊಳ್ಳಬಹುದೇ?

ಸೋತಿತು ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಯಾಕೆ ಸೋತಿತು, ಆ ಕಾರಣ ಡರ್ಬಿಯ ದಿನವೂ ಜೊತೆಗೇ ಬರುತ್ತದೆಯೇ ಎಂದು ನೋಡಿ. ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬದಲ್ಲಿ ಹೋರಿಯ ಕೊಬ್ಬರಿ ಹಾರವನ್ನು ಹುಡುಗರು ಕಿತ್ತುಕೊಂಡರೆಂದು ಅದರ ಯಜಮಾನ ಮುಂದಿನ ಅಖಾಡಕ್ಕೆ ಹೋಗುವುದನ್ನು ಬಿಡುವುದಿಲ್ಲ. ಮೊದಲು ಗೊರಸು ಎತ್ತಿ ನೋಡುತ್ತಾನೆ, ರಾತ್ರಿ ಮೇವು ಮುಟ್ಟಿತೇ ಎಂದು ವಿಚಾರಿಸುತ್ತಾನೆ. ರೇಸ್ ಕುದುರೆಯ ವಿಷಯದಲ್ಲೂ ಕೆಲಸ ಅಲ್ಲಿಂದಲೇ ಶುರು.

ಮೊದಲನೆಯದು ಆರೋಗ್ಯ. ಎಲ್ಲರೂ ಹೇಳುವ ಉದಾಹರಣೆ ಸೆಕ್ರೆಟೇರಿಯಟ್ ಎಂಬ ಕುದುರೆ. 1973ರ ವುಡ್ ಮೆಮೋರಿಯಲ್ ಎಂಬ ತಯಾರಿ ಓಟದಲ್ಲಿ ಅದು ಮೂರನೆಯದಾಗಿ ಬಂತು. ಮೇಲ್ದುಟಿಯ ಒಳಗೆ ಬಾವು ಎದ್ದಿತ್ತು, ಕಡಿವಾಣ ತಗುಲಿದರೆ ನೋವು. ಬಾವು ಒಡೆದು ವಾಸಿಯಾಯಿತು. ಎರಡು ವಾರಗಳ ನಂತರ ಅದೇ ಕುದುರೆ ಡರ್ಬಿಯ 2000 ಮೀಟರನ್ನು 1 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿತು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಆದರೆ ಈ ಕಥೆ ಹೇಳುವವರು ಒಂದು ಮಾತನ್ನು ನುಂಗಿಬಿಡುತ್ತಾರೆ: ವುಡ್‌ಗೆ ಸ್ವಲ್ಪ ಮೊದಲು ಅದು ಗೋಥಮ್ ಓಟವನ್ನು ಟ್ರ್ಯಾಕ್ ದಾಖಲೆಗೆ ಸಮನಾದ ವೇಗದಲ್ಲಿ ಗೆದ್ದಿತ್ತು. ಒಳ್ಳೆಯ ಓಟಗಳ ನಡುವೆ ಒಂದು ಕೆಟ್ಟ ಓಟ ಬಂದರೆ ಅದಕ್ಕೆ ಕಾರಣ ಹುಡುಕಬೇಕು. ಸಾಲಾಗಿ ಮೂರು ಓಟ ಕೆಟ್ಟಿದ್ದರೆ ಏನು ಹುಡುಕುತ್ತೀರಿ? ಕುದುರೆಯ ಮಟ್ಟವೇ ಅಷ್ಟು.

ಎರಡನೆಯದು ನೆಲ. ಡರ್ಬಿ ನಡೆಯುವ, ಲೂಯಿವಿಲ್ ನಗರದ ಚರ್ಚಿಲ್ ಡೌನ್ಸ್ ಮಣ್ಣಿನ ಟ್ರ್ಯಾಕ್. 2022ರಲ್ಲಿ ಒಂದಕ್ಕೆ ಎಂಬತ್ತರ ದರದಲ್ಲಿ ಗೆದ್ದ ರಿಚ್ ಸ್ಟ್ರೈಕ್ ಅದಕ್ಕೆ ಮೊದಲು ಟರ್ಫ್‌ವೇ ಪಾರ್ಕ್‌ನ ಕೃತಕ ನೆಲದ ಮೇಲೆ ಮೂರನೆಯದಾಗಿತ್ತು. ಹಳೆಯ ಪುಟ ತಿರುಗಿಸಿದರೆ 2021ರಲ್ಲಿ ಇದೇ ಚರ್ಚಿಲ್ ಡೌನ್ಸ್ ಮಣ್ಣಿನ ಮೇಲೆ 17 ಲೆಂಗ್ತ್‌ಗೂ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಹೆಚ್ಚು ಅಂತರದಿಂದ ಗೆದ್ದಿರುವುದು ಕಾಣುತ್ತದೆ. ಅದು ದೊಡ್ಡ ಕುದುರೆಗಳ ಓಟವಲ್ಲ, ಆ ದಿನವೇ ಅದು 30,000 ಡಾಲರಿಗೆ ಕೈ ಬದಲಾಯಿಸಿತ್ತು. ಅದರ ಮೇಲೆ, ಡರ್ಬಿಯಲ್ಲಿ ಮುಂದಿದ್ದವು ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ ಮುಗಿಸಿ ಕೊನೆಗೆ ಉಸಿರು ಬಿಟ್ಟವು, ಹಿಂದಿದ್ದ ಇದಕ್ಕೆ ದಾರಿಯಾಯಿತು. ರಿಚ್ ಸ್ಟ್ರೈಕ್ ಗೆಲ್ಲುವುದು ಮೊದಲೇ ಗೊತ್ತಿತ್ತು ಎನ್ನುವವರು ಯಾರಾದರೂ ಸಿಕ್ಕರೆ ಸಾಲ ಮಾತ್ರ ಕೊಡಬೇಡಿ.

ಮೂರನೆಯದು ದೂರ. ತಯಾರಿ ಓಟಗಳಲ್ಲಿ ಹೆಚ್ಚಿನವು ಸುಮಾರು 1800 ಮೀಟರ್, ಡರ್ಬಿ 2000. ಈ 200 ಮೀಟರಿನಲ್ಲೇ ಎಲ್ಲ ಇದೆ. ಓಟದ ವಿಡಿಯೋವನ್ನು ಎರಡು ಸಲ ನೋಡಿ, ಎರಡನೆಯ ಸಲ ಗೆದ್ದದ್ದನ್ನು ಬಿಟ್ಟು ನಿಮ್ಮ ಕುದುರೆಯ ಮೇಲೆ ಮಾತ್ರ ಕಣ್ಣಿಡಿ. ಅಮೆರಿಕದ ಟ್ರ್ಯಾಕ್‌ಗಳು ಎಡಕ್ಕೆ ತಿರುಗುತ್ತವೆ. ತಿರುವಿನಲ್ಲಿ ಕುದುರೆ ಎಡ ಮುಂಗಾಲನ್ನು ಮುಂದೆ ಚಾಚಿ ಓಡುತ್ತದೆ, ನೇರ ದಾರಿಗೆ ಬಿದ್ದೊಡನೆ ಬಲಗಾಲಿಗೆ ಬದಲಿಸಿಕೊಳ್ಳುತ್ತದೆ. ಬದಲಿಸದೆ ಎಡಗಾಲಿನಲ್ಲೇ ಎಳೆದುಕೊಂಡು ಬಂದರೆ ದಣಿವೋ ನೋವೋ ಇದೆಯೆಂದು ಅನುಮಾನಿಸಿ. ತಲೆ ಮೇಲೆತ್ತಿ ಲಗಾಮಿನೊಡನೆ ಜಗಳವಾಡಿದರೆ ಶಕ್ತಿ ಅಲ್ಲಿಯೇ ಸೋರಿಹೋಗಿದೆ. ಗೆರೆ ದಾಟಿದ ಮೇಲೆ ವಿಡಿಯೋ ನಿಲ್ಲಿಸಬೇಡಿ: ಜಾಕಿಗಳು ಕುದುರೆಯನ್ನು ನಿಧಾನಗೊಳಿಸುವಾಗ ಸೋತದ್ದು ಗೆದ್ದದ್ದನ್ನು ಸಲೀಸಾಗಿ ಹಿಂದೆ ಹಾಕಿ ಹೋದರೆ, ಅದಕ್ಕೆ ಇನ್ನೂ ದೂರ ಬೇಕಿತ್ತು ಎಂದರ್ಥ. ಮೂರನೆಯ ಸ್ಥಾನ ಎಂಬ ಅಂಕಿಗಿಂತ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಟ್ರೈನರ್‌ನ ಉದ್ದೇಶವೂ ಲೆಕ್ಕಕ್ಕೆ ಬರಬೇಕು. 2013ರಿಂದ ಡರ್ಬಿಗೆ ಪ್ರವೇಶ ಸಿಗುವುದು ತಯಾರಿ ಓಟಗಳಲ್ಲಿ ಗಳಿಸಿದ ಅಂಕಗಳ ಮೇಲೆ, ಜಾಗ ಇರುವುದು 20 ಕುದುರೆಗಳಿಗೆ. ಅಂಕ ಆಗಲೇ ಕೈಯಲ್ಲಿದ್ದರೆ ಕೊನೆಯ ತಯಾರಿಯಲ್ಲಿ ಕುದುರೆಯನ್ನು ಹಿಂಡಬೇಕಾಗಿಲ್ಲ. 2025ರಲ್ಲಿ ಸಾವರಿನ್‌ಟಿ ಎಂಬ ಕುದುರೆ ಫೌಂಟನ್ ಆಫ್ ಯೂತ್ ಎಂಬ ತಯಾರಿ ಓಟ ಗೆದ್ದು, ಕೊನೆಯ ತಯಾರಿಯಾದ ಫ್ಲೋರಿಡಾ ಡರ್ಬಿಯಲ್ಲಿ ಎರಡನೆಯದಾಗಿ, ಕೆಂಟಕಿಯಲ್ಲಿ ಮತ್ತೆ ಗೆದ್ದಿತು. ಅಂಕಕ್ಕಾಗಿ ಕೊನೆಯ ತಯಾರಿಯಲ್ಲಿ ಜೀವ ತೇಯ್ದು ಸೋತ ಕುದುರೆಯ ಬಗ್ಗೆ ನನಗೆ ಅಷ್ಟು ಧೈರ್ಯ ಬರುವುದಿಲ್ಲ.

"ತಯಾರಿ ಗೆದ್ದದ್ದೇ ಡರ್ಬಿ ಗೆಲ್ಲುತ್ತದೆ" ಎಂಬ ವಾದವೂ ನಿಮ್ಮ ಗೆಳೆಯರಿಂದ ಬರುತ್ತದೆ. 2013ರಿಂದ 2018ರವರೆಗೆ ಆರೂ ವರ್ಷ ಹಾಗೆಯೇ ಆಯಿತು: ಆರ್ಬ್, ಕ್ಯಾಲಿಫೋರ್ನಿಯಾ ಕ್ರೋಮ್, ಅಮೆರಿಕನ್ ಫರೋ, ನೈಕ್ವಿಸ್ಟ್, ಆಲ್ವೇಸ್ ಡ್ರೀಮಿಂಗ್, ಜಸ್ಟಿಫೈ. 2022ರಿಂದ 2025ರವರೆಗಿನ ನಾಲ್ಕೂ ವಿಜೇತ ಕುದುರೆಗಳು ಕೊನೆಯ ತಯಾರಿಯಲ್ಲಿ ಸೋತವು. ಅಂದರೆ ಈ ವಾದವನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ನನ್ನ ಲೆಕ್ಕವನ್ನೇ ಕೆಡಿಸುವ ಕುದುರೆಯೂ ಇದೆ, ಮ್ಯಾಂಡಲೂನ್. 2021ರ ಲೂಯಿಸಿಯಾನಾ ಡರ್ಬಿ ಎಂಬ ತಯಾರಿ ಓಟದಲ್ಲಿ ಆರನೆಯದು. ಎಷ್ಟು ನೋಡಿದರೂ ಆ ಸೋಲಿಗೆ ನನಗೆ ಕಾರಣ ಕಾಣುವುದಿಲ್ಲ. ಆದರೂ ಕೆಂಟಕಿಯಲ್ಲಿ ಎರಡನೆಯದಾಗಿ ಬಂತು. ಮೊದಲು ಬಂದ ಮೆಡಿನಾ ಸ್ಪಿರಿಟ್ ಔಷಧದ ಕಾರಣಕ್ಕೆ ಅನರ್ಹವಾದ ಮೇಲೆ ಗೆಲುವು ಇದರ ಪಾಲಾಯಿತು. ಇಂಥ ಒಂದಕ್ಕಾಗಿ, ಕಾರಣವಿಲ್ಲದೆ ಸೋತು ಡರ್ಬಿಯಲ್ಲೂ ಹಿಂದೆ ಬಿದ್ದ ಹತ್ತಾರನ್ನು ಬೆನ್ನಿಗೆ ಕಟ್ಟಿಕೊಳ್ಳಲು ನಾನು ತಯಾರಿಲ್ಲ.

ಬೆಂಗಳೂರಿನ ಬೇಸಿಗೆ ಡರ್ಬಿಗೂ ಇದೇ ವಿಚಾರ, ನೆಲ ಮಾತ್ರ ಬೇರೆ: ಅಲ್ಲಿ ಹುಲ್ಲು, ಜೊತೆಗೆ ಜುಲೈ ಮಳೆ. ನೆಲ ಎಷ್ಟು ಮೆತ್ತಗಿದೆ ಎಂದು ತೋರಿಸುವ, ರೇಸಿನ ದಿನ ಪ್ರಕಟವಾಗುವ ಪೆನೆಟ್ರೋಮೀಟರ್ ಅಳತೆಯನ್ನು ತಯಾರಿ ಓಟದ ದಿನದ ಅಳತೆಯ ಪಕ್ಕದಲ್ಲಿಟ್ಟು ನೋಡಿ.

ನಿಮ್ಮ ಎರಡರಲ್ಲಿ ನಾನಾದರೆ ಮೂರನೆಯದಾದದ್ದನ್ನೇ ಇಟ್ಟುಕೊಳ್ಳುತ್ತೇನೆ, ಗೆರೆ ದಾಟಿದ ಮೇಲೂ ಹುಮ್ಮಸ್ಸಿನಲ್ಲಿ ಓಡಿದ್ದರೆ ಮಾತ್ರ. ಅದರ ಅಡಚಣೆ ಬೇರೆ ಕುದುರೆಗಳಿಂದ ಬಂದದ್ದು. ಆದರೆ 20 ಕುದುರೆಗಳ ಗುಂಪಿನಲ್ಲಿ ಮತ್ತೆ ದಾರಿ ಕಟ್ಟುವ ಅಪಾಯವಿದೆ, ಓಟ ಶುರುವಾಗುವಲ್ಲಿ ಯಾವ ಗೇಟು ಸಿಕ್ಕಿತೆಂದು ನೋಡಿಕೊಳ್ಳಿ. ಐದಕ್ಕೆ ಇಳಿದದ್ದನ್ನು ಬಿಡಿ. 1800ಕ್ಕೇ ಕಾಲು ಸೋತದ್ದಕ್ಕೆ 2000 ಓಡಿಸಿದರೆ ಏನು ಬಂತು? ಶನಿವಾರ ರಾತ್ರಿ ಲೂಯಿವಿಲ್‌ನ ಮಳೆಯ ಸುದ್ದಿ ನೋಡಿ, ಆಮೇಲೆ ಹೆಸರು ಹೇಳಿ. ಓಟ ನಮಗೆ ಭಾನುವಾರ ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ. ಮೇ ತಿಂಗಳ ಗುಡುಗು ಮಳೆಗೆ ನಿಮ್ಮಲ್ಲಿ ಕರೆಂಟ್ ಇರುತ್ತದೆಂಬ ನಂಬಿಕೆ ಬೇಡ, ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳಿ.