ಮನೆಯ ಮರಗೆಲಸಕ್ಕೆ ಸದ್ದು ಕಡಿಮೆ ಇರುವ ಏರ್ ಕಂಪ್ರೆಸರ್ ಯಾವುದು?

ಮನೆಯ ಹಿಂಬದಿಯ ಶೆಡ್ಡಿನಲ್ಲಿ ಮರಗೆಲಸ ಮಾಡುತ್ತೀರಿ, ಪಕ್ಕದ ಮನೆ ಗೋಡೆಗೆ ಅಂಟಿದಂತಿದೆ, ಮೊಳೆ ಗನ್ನಿಗೂ ಆಗೀಗ ಪಾಲಿಶ್ ಸ್ಪ್ರೇ ಮಾಡಲಿಕ್ಕೂ ಒಂದೇ ಕಂಪ್ರೆಸರ್ ಬೇಕು, ನೆರೆಯವರಿಗೆ ಮಾತ್ರ ತೊಂದರೆಯಾಗಬಾರದು ಎಂದು ಬರೆದಿದ್ದೀರಿ. ನಾನೂ ವಸತಿ ಬಡಾವಣೆಯಲ್ಲೇ ಇಂಥ ಕೆಲಸ ಮಾಡುವವನು. 1 ಎಚ್‌ಪಿ, ಅಂದರೆ ಸುಮಾರು 750 ವಾಟ್‌ನ, ನಿಮಿಷಕ್ಕೆ 1400ರ ಆಸುಪಾಸಿನಲ್ಲಿ ಸುತ್ತುವ, 24ರಿಂದ 30 ಲೀಟರ್ ಟ್ಯಾಂಕ್ ಇರುವ ಆಯಿಲ್-ಫ್ರೀ (ಸಿಲಿಂಡರಿಗೆ ಎಣ್ಣೆ ಹಾಕಬೇಕಿಲ್ಲದ) ಕಂಪ್ರೆಸರ್ ಕೊಳ್ಳಿ ಎಂಬುದು ನನ್ನ ಸಲಹೆ. ಆದರೆ ಅದಕ್ಕೆ ಹೊಂದುವ ಸ್ಪ್ರೇ ಗನ್ನನ್ನು ಆರಿಸದಿದ್ದರೆ ಈ ಸಲಹೆಯಿಂದ ಪ್ರಯೋಜನವಿಲ್ಲ.

ಮೋಟಾರಿನ ವೇಗವನ್ನು ಮೊದಲು ಕೇಳಿ ಎನ್ನಲು ಕಾರಣವಿದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಟೂ-ಪೋಲ್ (ಎರಡು ಕಾಂತಧ್ರುವಗಳ) ಮೋಟಾರು ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗಿದರೆ, ಫೋರ್-ಪೋಲ್ ಮೋಟಾರು ಅದರ ಅರ್ಧದಷ್ಟು ಮಾತ್ರ ತಿರುಗುತ್ತದೆ. ಅಗ್ಗದ ಕಂಪ್ರೆಸರುಗಳಲ್ಲಿ ಪಿಸ್ಟನ್ನನ್ನು ವೇಗದ ಮೋಟಾರಿಗೆ ನೇರವಾಗಿ ಜೋಡಿಸಿರುವುದರಿಂದಲೇ ಆ ಕಿವಿಗಡಚಿಕ್ಕುವ ಅಬ್ಬರ. ಸೈಲೆಂಟ್ ಎಂದು ಮಾರುವವುಗಳಲ್ಲಿ ಸಾಮಾನ್ಯವಾಗಿ ನಿಧಾನದ ಮೋಟಾರು, ಅದರ ಎರಡೂ ತುದಿಗೆ ಒಂದೊಂದು ಸಿಲಿಂಡರು ಇರುತ್ತದೆ.

ಡಬ್ಬದ ಮೇಲಿನ ಡೆಸಿಬೆಲ್ ಅಂಕಿಯನ್ನು ಹಾಗೆಯೇ ನಂಬಬೇಡಿ; ಅದನ್ನು ಎಷ್ಟು ದೂರದಿಂದ ಅಳೆದಿದ್ದಾರೆ ಎಂದು ವಿಚಾರಿಸಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುವುದರಿಂದ, ನಾಲ್ಕು ಮೀಟರ್ ದೂರದಲ್ಲಿ ಅಳೆದು 60 ಎಂದು ಬರೆದ ಯಂತ್ರವು ಒಂದು ಮೀಟರಿನಲ್ಲಿ 72ರಷ್ಟಾಗಿರುತ್ತದೆ. ಹತ್ತು ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ವ್ಯತ್ಯಾಸ ಸಣ್ಣದಲ್ಲ ಎಂದು ತಿಳಿಯುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಇಟ್ಟಿವೆ. ಹಾಗಾಗಿ ಎಷ್ಟೇ ಮೆತ್ತಗಿನ ಯಂತ್ರ ತಂದರೂ ರಾತ್ರಿ ಹೊತ್ತು ಓಡಿಸದಿರುವುದೇ ಸರಿ.

ಇನ್ನು ಗಾಳಿಯ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. 24 ಲೀಟರಿನ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 6 ಬಾರ್‌ಗೆ ಇಳಿಯುವಷ್ಟರಲ್ಲಿ ನಮಗೆ ಸಿಗುವುದು, ಹೊರಗಿನ ಸಾಮಾನ್ಯ ಒತ್ತಡದ ಲೆಕ್ಕದಲ್ಲಿ, 24ರ ಎರಡರಷ್ಟು ಅಂದರೆ 48 ಲೀಟರ್ ಗಾಳಿ. ಸಣ್ಣ ಮೊಳೆಗಳ ಗನ್ನಿಗೆ ಅದು ಧಾರಾಳವಾಯಿತು. ಆದರೆ ದೊಡ್ಡ ಎಚ್‌ವಿಎಲ್‌ಪಿ (ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಳಸುವ) ಸ್ಪ್ರೇ ಗನ್ 8 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ), ಅಂದರೆ ನಿಮಿಷಕ್ಕೆ 226 ಲೀಟರಿನಷ್ಟು ಕೇಳುತ್ತದೆ. ಆ 48 ಲೀಟರನ್ನು ಅದು ಹದಿಮೂರು ಸೆಕೆಂಡಿನೊಳಗೆ ಖಾಲಿ ಮಾಡುತ್ತದೆ. ಆಮೇಲೆ ಕಂಪ್ರೆಸರ್ ಬಿಡುವಿಲ್ಲದೆ ಓಡಿದರೂ ಒತ್ತಡ ಕುಸಿದು ಪಾಲಿಶ್ ಹನಿಹನಿಯಾಗಿ ಬೀಳುತ್ತದೆ, ಸದ್ದೂ ನಿಲ್ಲುವುದಿಲ್ಲ. ಆದ್ದರಿಂದ ಕಡಿಮೆ ಗಾಳಿ ಬೇಡುವ, ಚಿಕ್ಕ ನಾಝಲ್ಲಿನ ಟಚ್-ಅಪ್ ಗನ್ ತೆಗೆದುಕೊಂಡು ಸ್ಟೂಲು, ಪೆಟ್ಟಿಗೆ, ಫೋಟೋ ಚೌಕಟ್ಟಿನಂಥವನ್ನು ತುಂಡುತುಂಡಾಗಿ ಮುಗಿಸಿ. ವಾರ್ಡ್‌ರೋಬಿನ ಬಾಗಿಲುಗಳನ್ನೇ ಸ್ಪ್ರೇ ಮಾಡುವ ಉದ್ದೇಶವಿದ್ದರೆ ಮಾತ್ರ 2 ಎಚ್‌ಪಿ ಅಥವಾ ಹೆಚ್ಚಿನ, ಮೋಟಾರು ಬೆಲ್ಟಿನಿಂದ ಪಿಸ್ಟನ್ ಓಡಿಸುವ, ಎಣ್ಣೆ ಹಾಕುವ ಬೆಲ್ಟ್ ಡ್ರೈವ್ ಯಂತ್ರ ನೋಡಬೇಕಾಗುತ್ತದೆ. ಅದು ಬಹುಕಾಲ ಬಾಳುತ್ತದೆ, ಸದ್ದಿನ ಧ್ವನಿಯೂ ಗಡುಸಲ್ಲ. ಆದರೆ ಭಾರವಾದದ್ದು, ಮತ್ತು ಒಳ್ಳೆಯ ಫಿಲ್ಟರ್ ಹಾಕದಿದ್ದರೆ ಗಾಳಿಯೊಂದಿಗೆ ಬಂದ ಎಣ್ಣೆಯ ಅಂಶ ಪಾಲಿಶ್ ಮೇಲೆ ಗುಳಿಗಳನ್ನು ಎಬ್ಬಿಸುತ್ತದೆ.

ಪ್ರಚಾರದಲ್ಲಿ ನಿಮಿಷಕ್ಕೆ ಇಷ್ಟು ಲೀಟರ್ ಎಂದು ಬರೆದ ಸಂಖ್ಯೆ ಬಹುಮಟ್ಟಿಗೆ ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯದು, ನಿಮ್ಮ ಕೈಗೆ ಬರುವುದರದ್ದಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಯಂತ್ರ ಓಡುತ್ತಿರುವಾಗ ಒತ್ತಡದ ಗೇಜಿನ ಮುಳ್ಳು 6ರಿಂದ 8 ಬಾರ್‌ಗೆ ಏರಲು ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿ. 24 ಲೀಟರಿನ ಟ್ಯಾಂಕಿಗೆ 40 ಸೆಕೆಂಡು ಹಿಡಿದರೆ ನಿಮಿಷಕ್ಕೆ 72 ಲೀಟರ್, ಸುಮಾರು 2.5 ಸಿಎಫ್‌ಎಂ ಎಂದಾಯಿತು. ಆ 8 ಬಾರ್ ಹತ್ತಿರದ ಸದ್ದನ್ನೇ ಗಮನವಿಟ್ಟು ಕೇಳಿ, ಏಕೆಂದರೆ ಖಾಲಿ ಟ್ಯಾಂಕಿನಲ್ಲಿ ಎಲ್ಲ ಕಂಪ್ರೆಸರುಗಳೂ ಮೃದುವಾಗಿಯೇ ಶುರುವಾಗುತ್ತವೆ.

ಮನೆಗೆ ತಂದ ಮೇಲೆ ದಪ್ಪ ರಬ್ಬರ್ ಮ್ಯಾಟಿನ ಮೇಲೆ, ನೆರೆಮನೆಯ ಗೋಡೆಗೆ ತಾಗದಂತೆ ಇಟ್ಟು, 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಜೋಡಿಸಿ. ದೂರ ಬೇಕಾದರೆ ವೈರನ್ನಲ್ಲ, ಗಾಳಿಯ ಪೈಪನ್ನು ಉದ್ದ ಮಾಡಿ. ಸದ್ದು ತಗ್ಗಿಸಲೆಂದು ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಬೇಡಿ. ಆಯಿಲ್-ಫ್ರೀ ಸಿಲಿಂಡರ್ ತಣ್ಣಗಾಗಲು ಸುತ್ತಲಿನ ಗಾಳಿಯೊಂದೇ ದಾರಿ. ಕೆಲಸ ಮುಗಿದಾಗಲೆಲ್ಲ ಒತ್ತಡವನ್ನು ಇಳಿಸಿ, ಟ್ಯಾಂಕಿನ ತಳದ ಡ್ರೈನ್ ವಾಲ್ವ್ ತೆರೆದು ನೀರು ಬಿಡಿ. ಮಳೆಗಾಲದಲ್ಲಿ ಒಂದು ದಿನದ ಕೆಲಸಕ್ಕೇ ಕಂದುಬಣ್ಣದ ನೀರು ಬರುವುದನ್ನು ಕಾಣುತ್ತೀರಿ. ಅದನ್ನು ಬಿಡದೆ ಉಳಿಸಿದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ.